ಮೊದಲು ಆ ಕೇಬಲ್ ಕಿತ್ತಿಡಿ

ಕೆಲವು ತಿಂಗಳ ಹಿಂದೆ ಎಂಜಿನಿಯರಿಂಗ್ ಕಾಲೇಜೊಂದಕ್ಕೆ ಕೊನೆಯ ವರ್ಷದ ಪ್ರಾಜೆಕ್ಟುಗಳ ಪರೀಕ್ಷಕನಾಗಿ ಹೋಗಿದ್ದೆ. ಉದ್ದನೆಯ ಲ್ಯಾಬು, ಸಾಲಾಗಿ ಮೇಜುಗಳು, ಒಂದೊಂದು ಮೇಜಿನ ಹಿಂದೆ ಇಸ್ತ್ರಿ ಹಾಕಿದ ಅಂಗಿಯ ನಾಲ್ವರು ಹುಡುಗ ಹುಡುಗಿಯರು. ಅರ್ಧಕ್ಕಿಂತ ಹೆಚ್ಚು ಪ್ರಾಜೆಕ್ಟುಗಳ ಹೆಸರು 'ಸ್ಮಾರ್ಟ್' ಎಂದೇ ಶುರುವಾಗುತ್ತಿತ್ತು. ಸ್ಮಾರ್ಟ್ ಕಸದ ಬುಟ್ಟಿ, ಸ್ಮಾರ್ಟ್ ಹೆಲ್ಮೆಟ್, ಸ್ಮಾರ್ಟ್ ಕೃಷಿ. ಸ್ಮಾರ್ಟ್ ಕೃಷಿಯ ಮೇಜಿನ ಮೇಲೆ ಒಂದು ಹೂಕುಂಡ, ಅದರ ಮಣ್ಣಿಗೆ ಚುಚ್ಚಿದ ಎರಡು ಕಡ್ಡಿಯ ಸೆನ್ಸರ್, ಒಂದು ನೀಲಿ ಬೋರ್ಡು, ವೈಫೈಗೆ ಇನ್ನೊಂದು ಪುಟ್ಟ ಬೋರ್ಡು, ಹಸಿರು ಬೆಳಕಿನ ಡಿಸ್‌ಪ್ಲೇ. ಎಲ್ಲಕ್ಕೂ ಪ್ರಾಣವಾಯು ಲ್ಯಾಪ್‌ಟಾಪಿನಿಂದ ಬಂದ ಯುಎಸ್‌ಬಿ ಕೇಬಲ್.

"ಇದನ್ನ ಎಲ್ಲಿ ಇಡ್ತೀರಪ್ಪ?" ಎಂದೆ.

"ಹೊಲದಲ್ಲಿ ಸರ್."

"ಹೊಲದಲ್ಲಿ ಲ್ಯಾಪ್‌ಟಾಪ್ ಯಾರಿಡ್ತಾರೆ?"

ಹುಡುಗರು ಮುಖ ಮುಖ ನೋಡಿಕೊಂಡರು. ಒಬ್ಬಳು ಓಡಿಹೋಗಿ 9 ವೋಲ್ಟಿನ ಚೌಕದ ಸೆಲ್ ತಂದು ಸಿಕ್ಕಿಸಿದಳು. ಬೋರ್ಡು ಬೆಳಗಿತು, ತೇವಾಂಶದ ಅಂಕಿ ಮೂಡಿತು, ಎಲ್ಲರಿಗೂ ಸಮಾಧಾನ. ಹಾಗೇ ಬಿಟ್ಟಿರಿ ಎಂದು ಹೇಳಿ ಮುಂದಿನ ಮೇಜಿಗೆ ಹೋದೆ. ಊಟ ಮುಗಿಸಿ ಬಂದು ನೋಡಿದರೆ ಡಿಸ್‌ಪ್ಲೇ ಕಪ್ಪಾಗಿತ್ತು. ಬೆಳಿಗ್ಗೆ ಹತ್ತಕ್ಕೆ ಹುಟ್ಟಿದ ಸ್ಮಾರ್ಟ್ ಕೃಷಿ ಮಧ್ಯಾಹ್ನ ಎರಡರೊಳಗೆ ತೀರಿಕೊಂಡಿತ್ತು. ಜೊತೆಗಿದ್ದ ಮೇಷ್ಟರು ನನ್ನ ಭುಜ ತಟ್ಟಿ, "ಡೆಮೊ ಆಗಿತ್ತಲ್ಲ ಸರ್, ಬ್ಯಾಟರಿದೇನು, ಬದಲಾಯಿಸಿದ್ರಾಯ್ತು" ಎಂದರು.

ನನ್ನ ಜಗಳ ಆ ಮಾತಿನ ಜೊತೆ. ಆ ಮಕ್ಕಳ ಮೇಲೆ ನನಗೆ ಸಿಟ್ಟಿಲ್ಲ. ಬ್ಯಾಟರಿ ಬದಲಾಯಿಸುವುದು ಯಾರು ಎಂಬ ಪ್ರಶ್ನೆಯನ್ನೇ ಕೇಳದೆ ನಾಲ್ಕು ವರ್ಷ ಎಲೆಕ್ಟ್ರಾನಿಕ್ಸ್ ಕಲಿಸುವ ಪದ್ಧತಿಯ ಮೇಲೆ ಸಿಟ್ಟಿದೆ.

ಆ ಸಾವಿನ ಮರಣೋತ್ತರ ಪರೀಕ್ಷೆ ಕಷ್ಟದ್ದಲ್ಲ. ಬೋರ್ಡು, ವೈಫೈ, ಡಿಸ್‌ಪ್ಲೇಯ ಹಿಂಬದಿ ದೀಪ ಎಲ್ಲ ಸೇರಿ ಸುಮಾರು 150 ಮಿಲಿಆಂಪ್ ಎಳೆಯುತ್ತಿದ್ದವು. 9 ವೋಲ್ಟಿನ ಸೆಲ್ಲಿನಲ್ಲಿ ಇರುವುದು ಹೆಚ್ಚೆಂದರೆ 500 ಮಿಲಿಆಂಪ್-ಗಂಟೆ. ಭಾಗಿಸಿದರೆ ಮೂರು ಗಂಟೆ ಚಿಲ್ಲರೆ. ಇದು ಏಳನೇ ತರಗತಿಯ ಭಾಗಾಕಾರ. ಅದರಲ್ಲೂ 9 ವೋಲ್ಟನ್ನು 5ಕ್ಕೆ ಇಳಿಸುವ ರೆಗ್ಯುಲೇಟರು ಉಳಿದ 4 ವೋಲ್ಟನ್ನು ಬರೀ ಶಾಖ ಮಾಡಿ ಚೆಲ್ಲುತ್ತದೆ. ಅಂದರೆ ಸೆಲ್ಲಿನ ಶಕ್ತಿಯಲ್ಲಿ ಹೆಚ್ಚುಕಡಿಮೆ ಅರ್ಧ ಯಾವ ಕೆಲಸಕ್ಕೂ ಬರಲಿಲ್ಲ. ಪ್ರೋಗ್ರಾಮು ಸೆಕೆಂಡಿಗೊಮ್ಮೆ ಮಣ್ಣಿನ ತೇವ ಓದುತ್ತಿತ್ತು. ಸೆಕೆಂಡಿಗೊಮ್ಮೆ! ನೀರು ಹಾಯಿಸಿದ ಹೊಲದ ಮಣ್ಣು ಒಣಗಲು ದಿನಗಳು ಬೇಕು. ಅರ್ಧ ಗಂಟೆಗೊಮ್ಮೆ ನೋಡಿದರೆ ಧಾರಾಳವಾಯಿತು. ಇನ್ನೂ ಒಂದು ವಿಷಯವಿದೆ. ಆ ಎರಡು ಕಡ್ಡಿಯ ಸೆನ್ಸರಿಗೆ ಸದಾ ಕರೆಂಟು ಕೊಟ್ಟಿದ್ದರೆ ಒದ್ದೆ ಮಣ್ಣಿನಲ್ಲಿ ವಿದ್ಯುದ್ವಿಭಜನೆಯಾಗಿ ಕಡ್ಡಿಯ ಲೋಹವೇ ಕರಗುತ್ತ ಹೋಗುತ್ತದೆ. ದುಂದು ಮಾಡಿದ ಕರೆಂಟು ಸೆಲ್ಲನ್ನು ತಿಂದು ಸುಮ್ಮನಾಗುವುದಿಲ್ಲ, ಉಪಕರಣವನ್ನೂ ತಿನ್ನುತ್ತದೆ.

ಒಂದು ಓದಿಗೂ ಮುಂದಿನ ಓದಿಗೂ ನಡುವೆ ಆ ಬೋರ್ಡು ಏನು ಮಾಡುತ್ತಿತ್ತು? ಅಲ್ಲಿ 'ಡಿಲೇ' ಎಂಬ ಒಂದು ಆಜ್ಞೆ ಇತ್ತು. ಕೇಳಲು ವಿಶ್ರಾಂತಿಯಂತಿದೆ. ವಿಶ್ರಾಂತಿಯಲ್ಲ. ಆ ಹೊತ್ತೆಲ್ಲ ಚಿಪ್ಪು ಕಣ್ಣು ಬಿಟ್ಟುಕೊಂಡು 'ಆಯಿತೇ, ಆಯಿತೇ' ಎಂದು ಗಡಿಯಾರ ನೋಡುತ್ತ ಪೂರ್ತಿ ವೇಗದಲ್ಲಿ ಓಡುತ್ತಲೇ ಇರುತ್ತದೆ. ಬಸ್ಸು ಬರಲು ಒಂದು ಗಂಟೆ ಇದೆ ಎಂದು ಗೊತ್ತಿದ್ದೂ ಸ್ಟ್ಯಾಂಡಿನಲ್ಲಿ ಗಂಟೆಪೂರ್ತಿ ಅತ್ತಿಂದಿತ್ತ ಓಡುವವನ ಹಾಗೆ. ನಮ್ಮ ವಿದ್ಯಾರ್ಥಿಗಳು ಮೊದಲ ದಿನ ಕಲಿಯುವ ಪ್ರೋಗ್ರಾಮು ಎಲ್‌ಇಡಿ ಮಿಣುಕಿಸುವುದು. ಅದರ ಹೊಟ್ಟೆಯಲ್ಲಿರುವುದು ಇದೇ ಡಿಲೇ. ಕೊನೆಯ ವರ್ಷದವರೆಗೂ ಅವರು ಬರೆಯುವ ಪ್ರತಿ ಪ್ರೋಗ್ರಾಮಿನಲ್ಲೂ ಅದೇ ಇರುತ್ತದೆ. ಯಾರೂ ತಿದ್ದಿರುವುದಿಲ್ಲ, ಏಕೆಂದರೆ ಕೇಬಲ್ಲು ಎಂದೂ ಬಿಲ್ಲು ಕೊಟ್ಟಿರುವುದಿಲ್ಲ.

ನೀಲಿ ಬೋರ್ಡುಗಳನ್ನು ಬೈದು ದೊಡ್ಡವನಾಗುವ ಉದ್ದೇಶ ನನಗಿಲ್ಲ. ಆರ್ಡುಯಿನೋ 2005ರಲ್ಲಿ ಇಟಲಿಯ ಇವ್ರಿಯಾ ಎಂಬ ಊರಿನಲ್ಲಿ ಹುಟ್ಟಿದ್ದು ವಿನ್ಯಾಸ ಕಲಿಯುವ ವಿದ್ಯಾರ್ಥಿಗಳಿಗಾಗಿ. ಎಲೆಕ್ಟ್ರಾನಿಕ್ಸ್ ಓದದವರ ಕೈಗೂ ಸರ್ಕ್ಯೂಟು ಸಿಗಲಿ ಎಂಬ ಉದಾರ ಆಸೆ ಅದರ ಹಿಂದಿತ್ತು. ಆ ಆಸೆ ಫಲಿಸಿದೆ. ಉನೊ ಬೋರ್ಡು ಸುಮ್ಮನೆ ಕೂತಿದ್ದರೂ 45 ಮಿಲಿಆಂಪಿನ ಆಸುಪಾಸು ಎಳೆಯುತ್ತದೆ ಎಂಬುದು ಅದರ ಉದ್ದೇಶಕ್ಕೆ ದೋಷವೂ ಅಲ್ಲ. ಊರುಗೋಲು ಕೊಟ್ಟವನದು ತಪ್ಪಲ್ಲ. ನಡೆಯಲು ಕಲಿಸಬೇಕಾದವರು ಊರುಗೋಲಿಗೇ ಪದವಿ ಕೊಟ್ಟು ಕಳಿಸುತ್ತಿದ್ದಾರಲ್ಲ, ತಪ್ಪು ಅಲ್ಲಿದೆ.

ಇದಕ್ಕೆ ಎದುರಾಗಿ ಇನ್ನೊಂದು ಬಗೆಯ ಚಿಪ್ಪಿನ ಕತೆ ಹೇಳುತ್ತೇನೆ. ಎಂಎಸ್‌ಪಿ 430 ಎಂದು ಅದರ ಹೆಸರು. 1990ರ ದಶಕದ ಮೊದಲ ವರ್ಷಗಳಲ್ಲಿ ಟೆಕ್ಸಾಸ್ ಇನ್‌ಸ್ಟ್ರುಮೆಂಟ್ಸ್ ಕಂಪನಿಯವರು ಜರ್ಮನಿಯಲ್ಲಿ ಇದನ್ನು ರೂಪಿಸಿದರು. ಸೆಲ್ಲಿನ ಮೇಲೆ ವರ್ಷಗಟ್ಟಲೆ ನಡೆಯಬೇಕಾದ ಅಳತೆಯ ಉಪಕರಣಗಳಿಗಾಗಿ. 2010ರಲ್ಲಿ ಇದರ ಕಲಿಕೆಯ ಬೋರ್ಡನ್ನು ಹೆಸರಿಗೆ ತಕ್ಕಂತೆ 4.30 ಡಾಲರಿಗೆ ಮಾರಿದರು. ಆಗಿನ ಲೆಕ್ಕದಲ್ಲಿ ಸುಮಾರು 200 ರೂಪಾಯಿ. ಜಗತ್ತಿನ ಎಷ್ಟೋ ಜನ ಮಿತವ್ಯಯದ ಎಲೆಕ್ಟ್ರಾನಿಕ್ಸ್ ಕಲಿತದ್ದು ಆ ಕೆಂಪು ಬೋರ್ಡಿನ ಮೇಲೆ. ನಾನೂ ಅವರಲ್ಲೊಬ್ಬ.

ಅದರಲ್ಲಿ ಸಿಕ್ಕಿಸುತ್ತಿದ್ದ ಜಿ2553 ಎಂಬ ಚಿಪ್ಪಿನ ಕೆಲಸದ ನೆನಪು, ಅಂದರೆ ರ್‍ಯಾಮ್, 512 ಬೈಟ್. ಕಿಲೊ ಇಲ್ಲ, ಮೆಗಾ ಇಲ್ಲ, ಬರೀ 512. ಈಗ ರೂಢಿಯಲ್ಲಿರುವ ಯೂನಿಕೋಡಿನ ಯುಟಿಎಫ್-8 ಪದ್ಧತಿಯಲ್ಲಿ ಕನ್ನಡದ ಒಂದೊಂದು ಸಂಕೇತಕ್ಕೂ 3 ಬೈಟ್ ಬೇಕು. ಒತ್ತು, ಸ್ವರಚಿಹ್ನೆ ಎಲ್ಲ ಬೇರೆ ಬೇರೆ ಲೆಕ್ಕ. ಅಂದರೆ ನೂರೆಪ್ಪತ್ತು ಸಂಕೇತಕ್ಕೆ ಜಾಗ ಮುಗಿಯಿತು. ಈ ಪ್ಯಾರಾದ ಮೊದಲ ಮೂರು ವಾಕ್ಯ ತುಂಬಿಟ್ಟರೆ ಚಿಪ್ಪು ಹೆಚ್ಚುಕಡಿಮೆ ಭರ್ತಿ. ಅಷ್ಟರಲ್ಲೇ ಅದು ಅಳೆಯಬೇಕು, ಲೆಕ್ಕ ಹಾಕಬೇಕು, ಹೇಳಬೇಕಾದವರಿಗೆ ಹೇಳಬೇಕು.

ಆದರೆ ಅದರ ದೊಡ್ಡ ವಿದ್ಯೆ ನಿದ್ದೆ. ಎಚ್ಚರವಿದ್ದಾಗ ಸೆಕೆಂಡಿಗೆ ಹತ್ತು ಲಕ್ಷ ಮಿಡಿತದ ವೇಗದಲ್ಲಿ 230 ಮೈಕ್ರೊಆಂಪ್ ಕುಡಿಯುವ ಚಿಪ್ಪು ನಿದ್ದೆಯಲ್ಲಿ ಅರ್ಧ ಮೈಕ್ರೊಆಂಪಿಗೆ ಇಳಿಯುತ್ತದೆ. ಮೈಕ್ರೊ ಎಂದರೆ ಹತ್ತು ಲಕ್ಷದಲ್ಲಿ ಒಂದು ಪಾಲು. ನಿದ್ದೆಯಲ್ಲೂ ಮೆಟ್ಟಿಲುಗಳಿವೆ. ಮೇಲಿನ ಮೆಟ್ಟಿಲಲ್ಲಿ ಲೆಕ್ಕ ಮಾಡುವ ಮಿದುಳು ಮಾತ್ರ ಮಲಗುತ್ತದೆ. ಇನ್ನೂ ಕೆಳಗಿಳಿದರೆ ವೇಗದ ಗಡಿಯಾರಗಳು ನಿಂತು, ಕೈಗಡಿಯಾರದಲ್ಲಿರುವಂಥದೇ ಒಂದು ಪುಟ್ಟ ಹರಳು ಮಿಡಿಯುತ್ತಿರುತ್ತದೆ. ಸೆಕೆಂಡಿಗೆ 32,768 ಸಲ. ಆ ಸಂಖ್ಯೆಯನ್ನು ಹದಿನೈದು ಸಲ ಅರ್ಧ ಮಾಡುತ್ತ ಹೋದರೆ ಸರಿಯಾಗಿ ಒಂದು ಉಳಿಯುತ್ತದೆ, ಅದೇ ಒಂದು ಸೆಕೆಂಡು. ತೀರ ಕೆಳಗಿನ ಮೆಟ್ಟಿಲಲ್ಲಿ ಹರಳೂ ನಿಂತು, ಹೊರಗಿನಿಂದ ಯಾರಾದರೂ ಬಾಗಿಲು ತಟ್ಟುವವರೆಗೆ ಚಿಪ್ಪು ಬಿದ್ದುಕೊಂಡಿರುತ್ತದೆ. ಕುಂಭಕರ್ಣನಿಗೆ ಹೋಲಿಸಬೇಡಿ. ಅವನನ್ನು ಎಬ್ಬಿಸಲು ನಗಾರಿ ಬೇಕಾಯಿತು. ಇದು ಒಂದು ಮೈಕ್ರೊಸೆಕೆಂಡಿನೊಳಗೆ ಎದ್ದು ಕೂರುತ್ತದೆ. ಇಷ್ಟು ಬೇಗ ಏಳುವುದರಿಂದಲೇ ಅದಕ್ಕೆ ಅಷ್ಟು ಹೊತ್ತು ಮಲಗುವ ಧೈರ್ಯ.

ಲೆಕ್ಕ ನೋಡಿ. ನಾಣ್ಯದಷ್ಟಿರುವ ಸಿಆರ್ 2032 ಸೆಲ್ಲಿನಲ್ಲಿ ಸುಮಾರು 220 ಮಿಲಿಆಂಪ್-ಗಂಟೆ ಇರುತ್ತದೆ. ನಿಮಿಷಕ್ಕೊಮ್ಮೆ ಎದ್ದು, 10 ಮಿಲಿಸೆಕೆಂಡು ಎಚ್ಚರವಿದ್ದು, ಆಗ 1 ಮಿಲಿಆಂಪ್ ಕುಡಿದು, ಉಳಿದ ಹೊತ್ತು 1 ಮೈಕ್ರೊಆಂಪಿನಲ್ಲಿ ಮಲಗುವ ಒಂದು ಸರ್ಕ್ಯೂಟು ಇದೆಯೆನ್ನಿ. ಇಡೀ ದಿನದಲ್ಲಿ ಅದರ ಎಚ್ಚರ ಹದಿನಾಲ್ಕು ಸೆಕೆಂಡು ಚಿಲ್ಲರೆ. ಸರಾಸರಿ ಖರ್ಚು ಸುಮಾರು 1.17 ಮೈಕ್ರೊಆಂಪ್. ಭಾಗಿಸಿದರೆ 21 ವರ್ಷ ಬರುತ್ತದೆ. ಅಷ್ಟು ವರ್ಷ ಸೆಲ್ಲೇ ಬಾಳುವುದಿಲ್ಲ, ಅದು ಬೇರೆ ಮಾತು. ಈಗ ಅದೇ ಸರ್ಕ್ಯೂಟಿಗೆ 'ಆನ್ ಇದೆ' ಎಂದು ತೋರಿಸಲು 2 ಮಿಲಿಆಂಪಿನ ಒಂದು ಎಲ್‌ಇಡಿ ಹಚ್ಚಿಡಿ. ನಾಲ್ಕೂವರೆ ದಿನ. ತಾನು ಬದುಕಿದ್ದೇನೆ ಎಂದು ಜಗತ್ತಿಗೆ ತೋರಿಸುವ ಒಂದು ದೀಪದ ಬೆಲೆ ಅಷ್ಟು.

ಇನ್ನು ನನ್ನ ತಪ್ಪನ್ನು ಒಪ್ಪಿಕೊಳ್ಳುತ್ತೇನೆ. ಇಲ್ಲದಿದ್ದರೆ ಆ ಮೇಷ್ಟರ ಮೇಲೆ ಜಗಳಕ್ಕೆ ಹೋಗುವ ಹಕ್ಕು ನನಗೆ ಬರುವುದಿಲ್ಲ.

ವರ್ಷಗಳ ಹಿಂದೆ ಒಂದು ಹಳ್ಳಿಯ ಓವರ್‌ಹೆಡ್ ಟ್ಯಾಂಕಿಗೆ ನೀರು ತುಂಬಿತೇ ಎಂದು ತಿಳಿಸುವ ಸಾಧನ ಮಾಡಿಕೊಟ್ಟಿದ್ದೆ. ಒಳಗೆ ತೇಲುವ ಸ್ವಿಚ್ಚು, ಮೇಲೆ ಡಬ್ಬಿಯಲ್ಲಿ ಚಿಪ್ಪು, ಕೆಳಗಿನ ಪಂಪ್‌ಮನೆಗೆ ದಿನಕ್ಕೆ ಕೆಲವು ಸಲ ರೇಡಿಯೊ ಸಂದೇಶ. ಎರಡು ಪೆನ್ಸಿಲ್ ಸೆಲ್ಲು, 2500 ಮಿಲಿಆಂಪ್-ಗಂಟೆ. ಮನೆಯ ಮೇಜಿನ ಮೇಲೆ ಅಳೆದಾಗ ಕೆಲವೇ ಮೈಕ್ರೊಆಂಪ್ ಬಂತು. ಐದು ವರ್ಷ ತಿರುಗಿ ನೋಡುವುದೇ ಬೇಡ ಎಂದು ಎದೆಯುಬ್ಬಿಸಿ ಹೇಳಿ ಬಂದೆ. ಎರಡೂವರೆ ತಿಂಗಳಿಗೆ ಸೆಲ್ಲು ಸತ್ತಿತು. ಹೊಸದು ಹಾಕಿದರು, ಅದೂ ಎರಡೂವರೆ ತಿಂಗಳಿಗೆ ಸತ್ತಿತು.

ಹೋಗಿ ನೋಡಿದೆ. ಸ್ವಿಚ್ಚಿನ ತಂತಿ ಉದ್ದವಿದೆ, ಗದ್ದಲ ಹಿಡಿಯದಿರಲಿ ಎಂದು 3 ವೋಲ್ಟಿನಿಂದ ಅದಕ್ಕೆ 1000 ಓಮಿನ ರೆಸಿಸ್ಟರ್ ಹಾಕಿದ್ದೆ. ಸ್ವಿಚ್ಚು ತೆರೆದಿದ್ದಾಗ ಅದರಲ್ಲಿ ಕರೆಂಟು ಹರಿಯುವುದಿಲ್ಲ. ಟ್ಯಾಂಕು ತುಂಬಿ ಸ್ವಿಚ್ಚು ಮುಚ್ಚಿಕೊಂಡಾಗ 3 ಮಿಲಿಆಂಪ್ ಸದಾ ಹರಿಯುತ್ತದೆ. ನನ್ನ ಮೇಜಿನ ಮೇಲೆ ಸ್ವಿಚ್ಚು ತೆರೆದೇ ಇತ್ತು. ಹಳ್ಳಿಯಲ್ಲಿ ಟ್ಯಾಂಕು ದಿನದ ಅರ್ಧ ಹೊತ್ತು ತುಂಬಿರುತ್ತದೆ. ಚಿಪ್ಪು ಶಿಸ್ತಿನಿಂದ ಮಲಗಿತ್ತು. ಅದರ ಪಕ್ಕದಲ್ಲಿ ನಾನು ನಲ್ಲಿ ತೆರೆದಿಟ್ಟು ಬಂದಿದ್ದೆ. ಪರಿಹಾರ ಹತ್ತು ನಿಮಿಷದ್ದು. ರೆಸಿಸ್ಟರಿನ ಒಂದು ಕಾಲನ್ನು ಸೆಲ್ಲಿನಿಂದ ಬಿಡಿಸಿ ಚಿಪ್ಪಿನದೇ ಒಂದು ಪಿನ್ನಿಗೆ ಬೆಸೆದೆ. ಸೆಕೆಂಡಿಗೊಮ್ಮೆ ಎದ್ದು, ಆ ಪಿನ್ನಿಗೆ 20 ಮೈಕ್ರೊಸೆಕೆಂಡು ಕರೆಂಟು ಕೊಟ್ಟು, ಸ್ವಿಚ್ಚನ್ನು ಓದಿ, ಮತ್ತೆ ಕಿತ್ತುಕೊಳ್ಳುವುದು. 3 ಮಿಲಿಆಂಪ್ ಇದ್ದದ್ದು ಸರಾಸರಿ 0.06 ಮೈಕ್ರೊಆಂಪಿಗೆ ಇಳಿಯಿತು.

ನೆನಪಿನಲ್ಲಿ ಉಳಿದದ್ದು ಆ ಅಂಕಿಗಳಿಗಿಂತ ಹೆಚ್ಚಾಗಿ ಅಲ್ಲಿನ ನೀರುಗಂಟಿ ಹೇಳಿದ ಮಾತು. ಅಷ್ಟೆತ್ತರದ ಕಬ್ಬಿಣದ ಏಣಿ ಹತ್ತಿ ಸೆಲ್ಲು ಬದಲಾಯಿಸಿದವನು ಅವನು. ಒಂದು ಸಲ ಮಳೆಯಲ್ಲಿ ಹತ್ತಿದ್ದನಂತೆ. "ಮೊದ್ಲು ಟ್ಯಾಂಕ್ ತುಂಬ್ತಾ ಅಂತ ನೋಡಾಕೆ ಹತ್ತ್‌ಬೇಕಿತ್ತು. ಈಗ ಸೆಲ್ ಹಾಕಾಕೆ ಹತ್ತ್‌ಬೇಕು. ಅಷ್ಟೇ ಸಾರ್ ವ್ಯತ್ಯಾಸ." ಅವನ ದನಿಯಲ್ಲಿ ವ್ಯಂಗ್ಯ ಇರಲಿಲ್ಲ. ಇದ್ದಿದ್ದರೆ ನನಗೆ ಕಷ್ಟ ಕಡಿಮೆಯಾಗುತ್ತಿತ್ತು.

"ಬ್ಯಾಟರಿ ಬದಲಾಯಿಸಿದ್ರಾಯ್ತು" ಎಂಬ ವಾಕ್ಯದಲ್ಲಿ ಕರ್ತೃ ಇಲ್ಲ. ವ್ಯಾಕರಣ ಓದಿದವರು ಇದನ್ನು ಗಮನಿಸಬೇಕು. ಬದಲಾಯಿಸುವವನು ಯಾರು? ಬರೆದ ಎಂಜಿನಿಯರಂತೂ ಅಲ್ಲ. ಅವನು ನಗರದಲ್ಲಿ, ಕೇಬಲ್ಲಿನ ಪಕ್ಕದಲ್ಲಿ ಇರುತ್ತಾನೆ. ಬದಲಾಯಿಸುವವನು ಏಣಿ ಹತ್ತುವವನು, ತೋಟದ ಕೆಸರಿನಲ್ಲಿ ನಡೆಯುವವನು, ಸೆಲ್ಲಿಗೆಂದು ಅಂಗಡಿಗೆ ಹೋಗಿ ಸ್ವಂತ ಜೇಬಿನ ಹಣ ಕೊಡುವವನು. ನಮ್ಮ ಪ್ರೋಗ್ರಾಮಿನ ಆಲಸ್ಯ ಎಲ್ಲೂ ಮಾಯವಾಗುವುದಿಲ್ಲ. ಅದು ಇನ್ನೊಬ್ಬರ ಮೈಯ ಆಯಾಸವಾಗಿ ಬದಲಾಗುತ್ತದೆ. ಸತ್ತ ಸೆಲ್ಲೂ ಮಾಯವಾಗುವುದಿಲ್ಲ. ಅದು ಕಸದಲ್ಲೋ ಗದ್ದೆಯ ಬದುವಿನಲ್ಲೋ ಇರುತ್ತದೆ. ನಾಣ್ಯದ ಸೆಲ್ಲಾದರೆ ಪುಟ್ಟ ಮಗುವಿನ ಬಾಯಿಗೂ ಹೋಗಬಹುದು, ನುಂಗಿದರೆ ಅನ್ನನಾಳವನ್ನೇ ಸುಡುತ್ತದೆ. ಮೈಕ್ರೊಆಂಪ್ ಎಣಿಸುವುದನ್ನು ನಾನು ಜಿಪುಣತನ ಎನ್ನುವುದಿಲ್ಲ. ಕಾಣದ ಮನುಷ್ಯನೊಬ್ಬನನ್ನು ಲೆಕ್ಕಕ್ಕೆ ಹಿಡಿಯುವ ಒಂದೇ ದಾರಿ ಅದು.

ಇದಕ್ಕೆ ಬರುವ ಆಕ್ಷೇಪಗಳನ್ನು ಬಲ್ಲೆ. ಮೊದಲನೆಯದು, ಎಂಜಿನಿಯರನ ಸಮಯ ಸೆಲ್ಲಿಗಿಂತ ದುಬಾರಿ ಎಂಬುದು. ಒಂದೇ ಸಾಧನ ಮಾಡಿ ಮೇಜಿನ ಮೇಲಿಟ್ಟುಕೊಳ್ಳುವುದಾದರೆ ನಿಜ. ಸಾವಿರ ಸಾಧನ ಸಾವಿರ ಕಂಬದ ಮೇಲೆ ಹೋದ ದಿನ ಎಂಜಿನಿಯರನ ಒಂದು ಮಧ್ಯಾಹ್ನ ಸಾವಿರ ಏಣಿಗೆ ಸಮ.

ಎರಡನೆಯದು, ಈಗ ವೈಫೈ ಸಮೇತದ ಬಲಶಾಲಿ ಚಿಪ್ಪುಗಳೇ ಅಗ್ಗ, ಅವಕ್ಕೂ ನಿದ್ದೆ ಬರುತ್ತದೆ ಎಂಬುದು. ಬರುತ್ತದೆ, ಗಾಢ ನಿದ್ದೆಯಲ್ಲಿ ಅವೂ ಹತ್ತಾರು ಮೈಕ್ರೊಆಂಪಿಗೆ ಇಳಿಯುತ್ತವೆ. ಆದರೆ ಆ ಚಿಪ್ಪನ್ನು ಹೊತ್ತ ಕಲಿಕೆಯ ಬೋರ್ಡಿನ ಮೇಲೆ ಯುಎಸ್‌ಬಿ ಚಿಪ್ಪು, ರೆಗ್ಯುಲೇಟರು, ದೀಪ ಎಲ್ಲ ಎಚ್ಚರವಾಗಿಯೇ ಇರುತ್ತವೆ. ನಾನು ಟ್ಯಾಂಕಿನ ಮೇಲೆ ಮಾಡಿದ ತಪ್ಪು ಅದೇ. ಚಿಪ್ಪು ಯಾವುದು ಎಂಬುದು ಮುಖ್ಯವಲ್ಲ. ಒಟ್ಟು ಎಷ್ಟು ಹರಿಯುತ್ತಿದೆ ಎಂದು ಅಳೆದಿರಾ ಎಂಬುದು ಮುಖ್ಯ.

ಮೂರನೆಯದು ಈ ಕಾಲದ್ದು. ದತ್ತಾಂಶ ಕೇಂದ್ರಗಳು ಊರಿಗೆ ಊರೇ ಬಳಸುವಷ್ಟು ವಿದ್ಯುತ್ ನುಂಗುತ್ತಿರುವಾಗ ನೀವು ಮೈಕ್ರೊಆಂಪ್ ಎಣಿಸುತ್ತ ಕೂತಿದ್ದೀರಾ ಎಂದು. ಚಿಕ್ಕ ಚಿಪ್ಪನ್ನು ಮಲಗಿಸಿ ದೇಶದ ವಿದ್ಯುತ್ ಉಳಿಸುತ್ತೇನೆ ಎಂದು ನಾನು ಹೇಳಿಲ್ಲ. ಮಿತವ್ಯಯದಿಂದ ಸಿಗುವುದು ಜಾಗ. ತಂತಿ ಹೋಗದ ಜಾಗದಲ್ಲಿ, ಕರೆಂಟು ಇಲ್ಲದ ಹೊತ್ತಿನಲ್ಲಿ, ನೋಡಿಕೊಳ್ಳುವವರಿಲ್ಲದ ಕಡೆ ಒಂದು ಸಾಧನ ನಿಲ್ಲಬಲ್ಲದು. ನಮ್ಮ ಗೋಡೆ ಗಡಿಯಾರ ಒಂದೇ ಸೆಲ್ಲಿನ ಮೇಲೆ ವರ್ಷ ತಳ್ಳುತ್ತದೆ. ಬೀದಿಗೆಲ್ಲ ಕರೆಂಟು ಹೋದರೂ ಟಿಕ್ ಟಿಕ್ ನಿಲ್ಲಿಸುವುದಿಲ್ಲ. ಅದನ್ನು ಯಾರೂ ಸ್ಮಾರ್ಟ್ ಎಂದು ಕರೆದಿಲ್ಲ.

ವಿದ್ಯುತ್ತಿನ ಲೆಕ್ಕ ಆಮೇಲೆ ನೋಡಿಕೊಳ್ಳುವ ಸಣ್ಣ ವಿಷಯ ಎನ್ನುವವರಿಗೆ ನಮ್ಮ ನೆಲದ್ದೇ ಒಂದು ನೆನಪು. ಉಡುಪಿ ಕಡೆಯ ಯು.ಆರ್. ರಾವ್ ಅವರ ಮುಂದಾಳುತನದಲ್ಲಿ ಬೆಂಗಳೂರಿನ ಪೀಣ್ಯದ ಶೆಡ್ಡುಗಳಲ್ಲಿ ಕಟ್ಟಿದ ಆರ್ಯಭಟ ಉಪಗ್ರಹ 1975ರ ಏಪ್ರಿಲ್ 19ರಂದು ಸೋವಿಯತ್ ರಾಕೆಟ್ಟಿನ ಮೇಲೆ ಕಕ್ಷೆ ಸೇರಿತು. 360 ಕಿಲೊ ತೂಕ. ಮೈಮೇಲಿನ ಸೌರಫಲಕಗಳಿಂದ ಅದಕ್ಕೆ ಸಿಗುತ್ತಿದ್ದದ್ದು 46 ವ್ಯಾಟ್, ಹಳೆಯ ಕಾಲದ ಒಂದು ಬಲ್ಬಿನಷ್ಟು. ವಾರ ತುಂಬುವ ಮೊದಲೇ ವಿದ್ಯುತ್ ಪೂರೈಕೆ ಕೈಕೊಟ್ಟು ಅದು ಹೊತ್ತೊಯ್ದಿದ್ದ ವೈಜ್ಞಾನಿಕ ಪ್ರಯೋಗಗಳು ನಿಂತವು. ಆ ತಂಡ ಅಲ್ಲಿಂದ ಕಲಿತು 1979ರಲ್ಲಿ ಭಾಸ್ಕರವನ್ನು ಹಾರಿಸಿತು. ಎರಡು ರೂಪಾಯಿ ನೋಟಿನ ಹಿಂದೆ ಆರ್ಯಭಟದ ಚಿತ್ರ ನೋಡಿ ಹೆಮ್ಮೆಪಟ್ಟ ನಾವು, ಆ ಸೋಲಿನ ಪಾಠವನ್ನು ಮಾತ್ರ ಪಠ್ಯಕ್ಕೆ ಸೇರಿಸಿಕೊಂಡಿಲ್ಲ.

ಕೊನೆಯ ಆಕ್ಷೇಪ ಮೇಷ್ಟರುಗಳದ್ದು: ಅಳೆಯಲು ನಮ್ಮಲ್ಲಿ ಉಪಕರಣ ಇಲ್ಲ. ಇದೆ. 1000 ಓಮಿನ ರೆಸಿಸ್ಟರೊಂದನ್ನು ಸೆಲ್ಲಿನ ದಾರಿಯಲ್ಲಿ ಸಿಕ್ಕಿಸಿ, ಅದರ ಎರಡು ತುದಿಗೆ ಲ್ಯಾಬಿನ ಅತಿ ಅಗ್ಗದ ಮಲ್ಟಿಮೀಟರ್ ಹಚ್ಚಿ. ಒಂದು ಮೈಕ್ರೊಆಂಪಿಗೆ ಒಂದು ಮಿಲಿವೋಲ್ಟ್ ತೋರಿಸುತ್ತದೆ. ಚಿಪ್ಪು ಎಚ್ಚರವಾಗಿ 2 ಮಿಲಿಆಂಪ್ ಎಳೆದರೆ ಅಲ್ಲಿ 2 ವೋಲ್ಟ್ ಕುಸಿದು ಅದು ಮುಗ್ಗರಿಸುತ್ತದೆ. ಆದ್ದರಿಂದ ಮೊದಲು ರೆಸಿಸ್ಟರಿಗೆ ಅಡ್ಡಲಾಗಿ ಒಂದು ತುಂಡು ತಂತಿ ಹಾಕಿಟ್ಟು, ಚಿಪ್ಪು ಮಲಗಿದ ಮೇಲೆ ತಂತಿ ತೆಗೆಯಿರಿ. ತೊಟ್ಟಿಲಿನಿಂದ ಕೈ ತೆಗೆದ ಹಾಗೆ ಮೆತ್ತಗೆ. ಇಷ್ಟೇ ಉಪಕರಣ.

ಸಾಹಿತ್ಯದ ಪತ್ರಿಕೆಯಲ್ಲಿ ರೆಸಿಸ್ಟರಿನ ಪುರಾಣ ಏಕೆ ಎಂದು ಕೆಲವರಿಗೆ ಅನಿಸಿರಬಹುದು. ನಮ್ಮ ಬರಹಗಳಲ್ಲಿ ತಂತ್ರಜ್ಞಾನ ಒಂದೋ ದೇವರು, ಇಲ್ಲವೇ ರಾಕ್ಷಸ. ಅದು ಯಾರೋ ಒಬ್ಬರು ಒಂದು ಮಧ್ಯಾಹ್ನ ಬೆಸೆದ ತಂತಿ ಎಂದು ನಾವು ಬರೆದದ್ದು ಕಡಿಮೆ. ಹಾಗಾಗಿ ಅದನ್ನು ಪೂಜಿಸುತ್ತೇವೆ, ಶಪಿಸುತ್ತೇವೆ, ಪ್ರಶ್ನೆ ಮಾತ್ರ ಕೇಳುವುದಿಲ್ಲ. ಈ ಕೆಲಸಕ್ಕೆ ಕನ್ನಡದಲ್ಲಿ ಮಾತಿಲ್ಲ ಎಂಬುದೂ ಸುಳ್ಳು. ನಿದ್ದೆ, ಎಚ್ಚರ, ಸೋರಿಕೆ, ಉಳಿತಾಯ: ಇದರ ಮುಖ್ಯ ಪದಗಳೆಲ್ಲ ನಮ್ಮ ಅಡುಗೆಮನೆಯವೇ. ಹಂಡೆ ಸೋರುತ್ತಿದ್ದರೆ ನಿದ್ದೆ ಬಾರದ ಅಜ್ಜಿಗೆ ಈ ಶಾಸ್ತ್ರವನ್ನು ಐದು ನಿಮಿಷದಲ್ಲಿ ಹೇಳಿಕೊಡಬಹುದು.

ಹಾಗಾಗಿ ನನ್ನ ಬೇಡಿಕೆ ಒಂದೇ. ಮುಂದಿನ ವರ್ಷ ಯಾವುದೇ ಕಾಲೇಜು ಪರೀಕ್ಷೆಗೆ ಕರೆದರೂ ಒಂದು ಷರತ್ತು ಹಾಕುತ್ತೇನೆ, ಉಳಿದ ಪರೀಕ್ಷಕರೂ ಹಾಕಲಿ. ವೈವಾಕ್ಕೆ ಒಂದು ತಿಂಗಳ ಮೊದಲು ಪ್ರಾಜೆಕ್ಟಿಗೆ ಎರಡು ಪೆನ್ಸಿಲ್ ಸೆಲ್ಲು ಹಾಕಿ, ಡಬ್ಬಿ ಮುಚ್ಚಿ, ಸಹಿ ಮಾಡಿದ ಕಾಗದ ಅಂಟಿಸಿ ಕಾಲೇಜಿನ ತಾರಸಿಯ ಮೇಲಿಡಲಿ. ಪರೀಕ್ಷೆಯ ದಿನ ಅದು ಬದುಕಿದ್ದರೆ ಮಾತಾಡೋಣ. ಸತ್ತಿದ್ದರೂ ಮಾತಾಡೋಣ, ಯಾಕೆ ಸತ್ತಿತೆಂದು ಲೆಕ್ಕ ತೋರಿಸಿದ ಮಕ್ಕಳಿಗೆ ನಾನು ಹೆಚ್ಚೇ ಅಂಕ ಕೊಡುತ್ತೇನೆ. ತಾರಸಿಗೆ ಹತ್ತಿ ಡಬ್ಬಿ ಇಳಿಸಿಕೊಂಡು ಬರುವವರು ಮಾತ್ರ ಅವರೇ ಆಗಿರಬೇಕು. ಅಟೆಂಡರ್ ಅಲ್ಲ.